ರಸಾಯನ ವಿಜ್ಞಾನಿಗಳ ರ‍್ಯಾಂಕ್ ಪಟ್ಟಿ: ಲೆಕ್ಕ ಎಲ್ಲಿ ನಿಲ್ಲುತ್ತದೆ, ಎಲ್ಲಿ ಜಾರುತ್ತದೆ

(ಸಾರ್ವಜನಿಕ ಉಪನ್ಯಾಸದ ಬರಹ ರೂಪ)

ಜಗತ್ತಿನ ಪ್ರಮುಖ ರಸಾಯನ ವಿಜ್ಞಾನಿಗಳ ಪಟ್ಟಿ ಎಂದು ಒಂದು ಕಡತ ಕೈಗೆ ಬಂದರೆ ಎಲ್ಲರ ಕಣ್ಣೂ ಮೊದಲ ಹೆಸರಿನ ಮೇಲೆ ಬೀಳುತ್ತದೆ. ಅದಕ್ಕೂ ಮೊದಲು ಅಡಿಟಿಪ್ಪಣಿ ಓದಿ. ಯಾವ ಡೇಟಾಬೇಸ್? ಯಾವ ವರ್ಷದಿಂದ ಯಾವ ವರ್ಷದವರೆಗೆ? ಕನಿಷ್ಠ ಎಷ್ಟು ಪೇಪರ್ ಇರಬೇಕೆಂದು ಮಿತಿ ಹಾಕಿದ್ದಾರೆ? ಸ್ವಂತ ಉಲ್ಲೇಖಗಳನ್ನು, ಅಂದರೆ ಲೇಖಕರು ತಮ್ಮದೇ ಹಳೆಯ ಪೇಪರ್‌ಗಳನ್ನು ಹೆಸರಿಸಿದ್ದನ್ನು (ಸೈಟೇಷನ್), ಕಳೆದಿದ್ದಾರೆಯೇ? ಸಹಲೇಖಕರ ನಡುವೆ ಪಾಲು ಹಂಚಿದ್ದಾರೆಯೇ? ಇಷ್ಟು ತಿಳಿದರೆ ಮೇಲಿನ ಹತ್ತು ಸ್ಥಾನದಲ್ಲಿ ಎಂಥವರು ಕೂತಿರುತ್ತಾರೆಂದು ಹೆಸರು ನೋಡದೆಯೇ ಬಹುಮಟ್ಟಿಗೆ ಹೇಳಬಹುದು.

ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. 2007ರಲ್ಲಿ ಜಾರ್ಜಿಯಾ ವಿಶ್ವವಿದ್ಯಾಲಯದ ಹೆನ್ರಿ ಶೇಫರ್ ಮತ್ತು ಏಮಿ ಪೀಟರ್ಸನ್ ಬದುಕಿರುವ ರಸಾಯನ ವಿಜ್ಞಾನಿಗಳನ್ನು ಎಚ್-ಇಂಡೆಕ್ಸ್ ಪ್ರಕಾರ ಜೋಡಿಸಿದರು. ಕನಿಷ್ಠ 20 ಉಲ್ಲೇಖ ಪಡೆದ 20 ಪೇಪರ್ ಇದ್ದು, 21ಕ್ಕೆ ಅದು ಸಾಧ್ಯವಾಗದಿದ್ದರೆ ಎಚ್ 20; ವಿವರ ಮುಂದೆ ಬರುತ್ತದೆ. ಮೇಲೆ ಬಂದವರು ಹಾರ್ವರ್ಡ್‌ನ ಜಾರ್ಜ್ ವೈಟ್‌ಸೈಡ್ಸ್. 2011 ಅಂತರರಾಷ್ಟ್ರೀಯ ರಸಾಯನಶಾಸ್ತ್ರ ವರ್ಷ. ಆಗ ಥಾಮ್ಸನ್ ರಾಯ್ಟರ್ಸ್ ನೂರು ಜನರ ಪಟ್ಟಿಯೊಂದನ್ನು ಹೊರತಂದಿತು. ಅದರ ಆಧಾರ ಹಿಂದಿನ ದಶಕದಲ್ಲಿ ಪ್ರತಿ ಪೇಪರಿಗೆ ಸಿಕ್ಕ ಸರಾಸರಿ ಉಲ್ಲೇಖ, ಜೊತೆಗೆ ಕನಿಷ್ಠ 50 ಪೇಪರ್ ಇರಬೇಕೆಂಬ ಷರತ್ತು. ಅಲ್ಲಿ ಮೊದಲ ಸ್ಥಾನ ಚಾರ್ಲ್ಸ್ ಲೀಬರ್ ಅವರದು, ಎರಡನೆಯದು ಒಮರ್ ಯಾಘಿ ಅವರದು. ಎರಡೂ ಪಟ್ಟಿಗಳ ಲೆಕ್ಕದಲ್ಲಿ ತಪ್ಪಿಲ್ಲ. ಎಚ್-ಇಂಡೆಕ್ಸ್ ಎಂದೂ ಇಳಿಯುವುದಿಲ್ಲ, ಏರುತ್ತಲೇ ಇರುತ್ತದೆ. ಆದ್ದರಿಂದ ದೀರ್ಘಕಾಲ ದೊಡ್ಡ ಗುಂಪು ನಡೆಸಿದವರನ್ನು ಅದು ಮೇಲೆತ್ತುತ್ತದೆ. ಸರಾಸರಿಯಾದರೋ ಕಡಿಮೆ ಬರೆದು ಹೆಚ್ಚು ಉಲ್ಲೇಖ ಪಡೆದವರ ಕಡೆ ವಾಲುತ್ತದೆ. 49 ಪೇಪರ್ ಇದ್ದವರು ಎಷ್ಟೇ ಒಳ್ಳೆಯವರಾಗಿದ್ದರೂ ಎರಡನೆಯ ಪಟ್ಟಿಯಲ್ಲಿ ಇರುವುದೇ ಇಲ್ಲ. ರ‍್ಯಾಂಕ್ ಅನ್ನುವುದು ಒಂದು ನಿರ್ದಿಷ್ಟ ಪ್ರಶ್ನೆಗೆ ಸಿಕ್ಕ ಉತ್ತರ. ಪ್ರಶ್ನೆ ಬದಲಾದರೆ ಸಾಲೂ ಬದಲಾಗುತ್ತದೆ.

ದತ್ತಾಂಶ ಕೂಡಿಸುವ ಹಂತ

ಸೂತ್ರದ ಬಗ್ಗೆ ಎಲ್ಲರೂ ವಾದ ಮಾಡುತ್ತಾರೆ. ನಿಜವಾದ ಅನಾಹುತ ಆಗುವುದು ಅದಕ್ಕೂ ಮೊದಲು, ಯಾರ ಪೇಪರ್ ಯಾರ ಖಾತೆಗೆ ಎಂದು ನಿರ್ಧರಿಸುವಾಗ.

ಒಂದೇ ಹೆಸರು, ಒಂದೇ ಇನಿಷಿಯಲ್ ಇರುವ ಇಬ್ಬರನ್ನು ಡೇಟಾಬೇಸ್ ಒಬ್ಬರೆಂದು ಕೂಡಿಸಿಬಿಡುತ್ತದೆ. ಅಥವಾ ಒಬ್ಬರೇ ಸಂಸ್ಥೆ ಬದಲಿಸಿದಾಗ, ಹೆಸರಿನ ಕಾಗುಣಿತ ಬದಲಾದಾಗ, ಇಬ್ಬರೆಂದು ಒಡೆಯುತ್ತದೆ. ಎರಡೂ ತಪ್ಪೇ, ಆದರೆ ರ‍್ಯಾಂಕ್ ಪಟ್ಟಿಗೆ ಮೊದಲನೆಯದು ಹೆಚ್ಚು ಅಪಾಯಕಾರಿ. ಒಡೆದ ಖಾತೆಯವರು ಕೆಳಗೆ ಜಾರಿ ಕಣ್ಮರೆಯಾಗುತ್ತಾರೆ. ಕೂಡಿದ ಖಾತೆ ಮಾತ್ರ ಉಬ್ಬಿ ನೇರವಾಗಿ ಪಟ್ಟಿಯ ತಲೆಗೆ ಬಂದು ಕೂರುತ್ತದೆ. ಸಾವಿರದಲ್ಲಿ ಐದು ಖಾತೆ ಹೀಗೆ ಕೂಡಿಕೊಂಡಿದ್ದರೂ ಆ ಐದೂ ಮೇಲಿನ ಐವತ್ತರೊಳಗೆ ಸಿಗುವ ಸಂಭವ ಹೆಚ್ಚು. ಹಾಗಾಗಿ ಪಟ್ಟಿಯ ಮೇಲ್ಭಾಗವನ್ನು ಕೈಯಾರೆ ಪರೀಕ್ಷಿಸದೆ ಪ್ರಕಟಿಸಲೇಬಾರದು.

ಪರೀಕ್ಷೆ ಕಷ್ಟದ್ದಲ್ಲ. ಪ್ರತಿ ಖಾತೆಯ ಮೊದಲ ಪೇಪರಿನ ವರ್ಷ ನೋಡಿ, ವರ್ಷವಾರು ಸಂಖ್ಯೆ ಬರೆದುಕೊಳ್ಳಿ, ಸಂಸ್ಥೆಗಳ ಸರಣಿ ನೋಡಿ, ಆಗಾಗ ಬರುವ ಸಹಲೇಖಕರ ಹೆಸರುಗಳನ್ನು ತೆಗೆಯಿರಿ. ಮೊದಲ ಪೇಪರ್ 1958ರದ್ದಾಗಿ ಈ ವರ್ಷವೂ ಎಂಬತ್ತು ಪೇಪರ್ ಇದ್ದರೆ, ಸಹಲೇಖಕರ ಎರಡು ಗುಂಪುಗಳ ನಡುವೆ ಒಬ್ಬರೂ ಸಮಾನರಿಲ್ಲದಿದ್ದರೆ, ಒಂದು ಕಡೆ ಆರ್ಗನೋಮೆಟಾಲಿಕ್ ವೇಗವರ್ಧಕ, ಇನ್ನೊಂದು ಕಡೆ ಪಶುವೈದ್ಯಕೀಯ ಇದ್ದರೆ, ಅಲ್ಲಿ ಇಬ್ಬರು ಅಥವಾ ಹೆಚ್ಚು ಜನ ಸೇರಿಕೊಂಡಿರುವುದು ಬಹುತೇಕ ಖಚಿತ. 2012ರಲ್ಲಿ ಶುರುವಾದ ಆರ್ಕಿಡ್ ಐಡಿ, ಅಂದರೆ ಸಂಶೋಧಕರ 16 ಅಂಕಿಯ ಗುರುತು ಸಂಖ್ಯೆ, ಇದಕ್ಕೆ ಒಳ್ಳೆಯ ಮದ್ದು. ಆದರೆ ಅದನ್ನು ಪಡೆದವರೆಲ್ಲ ತಮ್ಮ ಹಳೆಯ ಪೇಪರ್‌ಗಳನ್ನು ಸೇರಿಸಿರುವುದಿಲ್ಲ. ಆದ್ದರಿಂದ ಆರ್ಕಿಡ್ ದಾಖಲೆಯನ್ನು ಡೇಟಾಬೇಸಿನ ಖಾತೆಯೊಂದಿಗೆ ತಾಳೆ ನೋಡಲು ಬಳಸಿ, ಅದೊಂದನ್ನೇ ನಂಬಿ ಪಟ್ಟಿ ಮಾಡಬೇಡಿ.

ರಸಾಯನಶಾಸ್ತ್ರಕ್ಕೇ ವಿಶಿಷ್ಟವಾದ ಒಂದು ಬಲೆ ಇದೆ. 'ಆಂಗೆವಾಂಟೆ ಕೆಮಿ' ಜರ್ನಲಿಗೆ ಜರ್ಮನ್ ಆವೃತ್ತಿ ಒಂದು, 1962ರಿಂದ ನಡೆದುಬಂದ ಇಂಗ್ಲಿಷಿನ ಅಂತರರಾಷ್ಟ್ರೀಯ ಆವೃತ್ತಿ ಇನ್ನೊಂದು. ಒಂದೇ ಪೇಪರ್ ಎರಡರಲ್ಲೂ ಬೇರೆ ಬೇರೆ ಸಂಪುಟ ಸಂಖ್ಯೆ, ಪುಟ ಸಂಖ್ಯೆ, ಡಿಒಐ (ಪೇಪರಿನ ಡಿಜಿಟಲ್ ಗುರುತು ಸಂಖ್ಯೆ) ಹೊತ್ತು ಬರುತ್ತದೆ. ಉಲ್ಲೇಖಿಸುವವರು ಕೆಲವೊಮ್ಮೆ ಒಂದನ್ನು ಬರೆಯುತ್ತಾರೆ, ಕೆಲವೊಮ್ಮೆ ಎರಡನ್ನೂ. ಹಾಗೇ ಬಿಟ್ಟರೆ ಪೇಪರ್ ಸಂಖ್ಯೆ ಇಮ್ಮಡಿಯಾಗಬಹುದು, ಉಲ್ಲೇಖಗಳು ಎರಡು ಪಾಲಾಗಿ ಎರಡೂ ಎಚ್-ಇಂಡೆಕ್ಸಿನ ಗಡಿಯಿಂದ ಕೆಳಗೆ ಉಳಿಯಬಹುದು. ಶೀರ್ಷಿಕೆ, ವರ್ಷ, ಲೇಖಕರ ಸಾಲು ಮೂರನ್ನೂ ಹೋಲಿಸಿ ಜೋಡಿಗಳನ್ನು ಒಂದಾಗಿಸಿ. ಜರ್ಮನ್ ಶೀರ್ಷಿಕೆ ಇದ್ದಲ್ಲಿ ಈ ಹೋಲಿಕೆ ಕೆಲಸ ಮಾಡುವುದಿಲ್ಲ, ಅಲ್ಲಿ ಲೇಖಕರ ಸಾಲು ಮತ್ತು ಸಂಚಿಕೆಯ ಮೇಲೆ ಹೋಗಬೇಕು. ಒಂದಾಗಿಸುವಾಗ ಎರಡು ದಾಖಲೆಗಳ ಉಲ್ಲೇಖ ಸಂಖ್ಯೆಯನ್ನು ಸುಮ್ಮನೆ ಕೂಡಿಸಬೇಡಿ. ಉಲ್ಲೇಖಿಸಿದ ಪೇಪರ್‌ಗಳ ಪಟ್ಟಿಯನ್ನೇ ತೆಗೆದು, ಪುನರಾವರ್ತನೆ ಅಳಿಸಿ, ಉಳಿದದ್ದನ್ನು ಎಣಿಸಿ. 2017ರಿಂದ ಕೆಮ್‌ಆರ್ಕೈವ್ ಜಾಲತಾಣದಲ್ಲಿ ಬರುತ್ತಿರುವ ಪ್ರಿಪ್ರಿಂಟ್‌ಗಳಿಗೂ, ಅಂದರೆ ಜರ್ನಲಿನಲ್ಲಿ ಅಚ್ಚಾಗುವ ಮೊದಲೇ ಹೊರಬಿಟ್ಟ ಪ್ರತಿಗಳಿಗೂ, ಇದೇ ಕ್ರಮ.

ಡೇಟಾಬೇಸ್ ಆಯ್ಕೆಯ ವಿಷಯ ಚಿಕ್ಕದು. ಗೂಗಲ್ ಸ್ಕಾಲರ್ ಪ್ರಬಂಧ, ಪುಸ್ತಕ, ವರದಿ ಎಲ್ಲವನ್ನೂ ಎಣಿಸುವುದರಿಂದ ಅದರ ಅಂಕಿ ಸಾಮಾನ್ಯವಾಗಿ ದೊಡ್ಡದು. ಸ್ಕೋಪಸ್ ಮತ್ತು ವೆಬ್ ಆಫ್ ಸೈನ್ಸ್ ಜರ್ನಲ್‌ಗಳನ್ನು ಆರಿಸಿ ಸೇರಿಸುತ್ತವೆ. ಒಬ್ಬರದು ಒಂದರಿಂದ, ಮತ್ತೊಬ್ಬರದು ಇನ್ನೊಂದರಿಂದ ತೆಗೆದು ಹೋಲಿಸಿದರೆ ಆ ಹೋಲಿಕೆಗೆ ಅರ್ಥವೇ ಇಲ್ಲ. ವೆಬ್ ಆಫ್ ಸೈನ್ಸ್‌ನಲ್ಲಿ ಗ್ರಂಥಾಲಯ ಯಾವ ವರ್ಷದಿಂದ ಚಂದಾ ಕೊಂಡಿದೆ ಎಂಬುದರ ಮೇಲೂ ಕಾಣುವ ಅಂಕಿ ಬದಲಾಗುತ್ತದೆ. ಇದನ್ನು ಮರೆತು ಹಿರಿಯರ ಹಳೆಯ ಪೇಪರ್‌ಗಳನ್ನೇ ಬಿಟ್ಟುಬಿಡುವುದು ಬಹಳ ಸಾಮಾನ್ಯ. ದತ್ತಾಂಶವನ್ನೆಲ್ಲ ಒಂದೇ ದಿನ ಇಳಿಸಿಕೊಳ್ಳಿ, ಆ ದಿನಾಂಕವನ್ನು ಪಟ್ಟಿಯ ಮೇಲೆ ಬರೆಯಿರಿ.

ಎಚ್-ಇಂಡೆಕ್ಸ್ ಏನನ್ನು ನೋಡುವುದಿಲ್ಲ

2005ರಲ್ಲಿ ಭೌತವಿಜ್ಞಾನಿ ಹೋರ್ಹೆ ಹಿರ್ಶ್ ಕೊಟ್ಟ ಅಳತೆ ಇದು. ಪೇಪರ್‌ಗಳನ್ನು ಉಲ್ಲೇಖದ ಇಳಿಕೆ ಕ್ರಮದಲ್ಲಿ ಜೋಡಿಸಿ, ಕ್ರಮಸಂಖ್ಯೆಗಿಂತ ಉಲ್ಲೇಖ ಕಡಿಮೆಯಾಗುವ ಜಾಗದಲ್ಲಿ ನಿಲ್ಲಿ. ಅದರ ಹಿಂದಿನ ಕ್ರಮಸಂಖ್ಯೆಯೇ ಎಚ್. ಒಬ್ಬರಿಗೆ ಹತ್ತು ಪೇಪರ್ ಇವೆ, ಉಲ್ಲೇಖಗಳು 310, 95, 60, 42, 30, 18, 9, 7, 4, 1 ಎಂದಿಟ್ಟುಕೊಳ್ಳಿ. ಏಳನೆಯದಕ್ಕೆ 9 ಇದೆ, ಸರಿ. ಎಂಟನೆಯದಕ್ಕೆ 7 ಮಾತ್ರ. ಆದ್ದರಿಂದ ಎಚ್ 7. ಈಗ 310 ಉಲ್ಲೇಖದ ಆ ಮೊದಲ ಪೇಪರನ್ನೇ ತೆಗೆದುಹಾಕಿ ಮತ್ತೆ ಎಣಿಸಿ: 95, 60, 42, 30, 18, 9, 7. ಏಳನೆಯದಕ್ಕೆ 7. ಎಚ್ ಈಗಲೂ 7! ಅವರ ಜೀವಮಾನದ ಅತಿ ದೊಡ್ಡ ಕೆಲಸ ಇದ್ದರೂ ಇಲ್ಲದಿದ್ದರೂ ಅಂಕಿ ಅಲುಗಲಿಲ್ಲ. ಇದನ್ನು ಸರಿಪಡಿಸಲೆಂದೇ 2006ರಲ್ಲಿ ಲಿಯೋ ಎಗ್ಗೆ ಜಿ-ಇಂಡೆಕ್ಸ್ ಸೂಚಿಸಿದರು. ಅದರಲ್ಲಿ ಮೇಲಿನ ಜಿ ಪೇಪರ್‌ಗಳ ಒಟ್ಟು ಉಲ್ಲೇಖ ಜಿ ವರ್ಗದಷ್ಟಾದರೂ ಇರಬೇಕು. ನಮ್ಮ ಉದಾಹರಣೆಯಲ್ಲಿ ಒಟ್ಟು 576. ಅದು 24ರ ವರ್ಗ. ಆದರೆ ಪೇಪರ್ ಇರುವುದೇ ಹತ್ತು. ಶೂನ್ಯ ಉಲ್ಲೇಖದ ಕಾಲ್ಪನಿಕ ಪೇಪರ್‌ಗಳನ್ನು ಸೇರಿಸಲು ಒಪ್ಪಿದರೆ ಜಿ 24, ಒಪ್ಪದಿದ್ದರೆ 10. ಯಾವ ನಿಯಮ ಹಿಡಿದಿರಿ ಎಂದು ಬರೆಯದೆ ಜಿ-ಇಂಡೆಕ್ಸ್ ಪ್ರಕಟಿಸಿದರೆ ಓದುವವರಿಗೆ ಏನೂ ತಿಳಿಯುವುದಿಲ್ಲ.

ಸಹಲೇಖಕರ ಪಾಲಿನ ವಿಷಯವನ್ನು ಇದೇ ಹತ್ತು ಪೇಪರ್‌ಗಳ ಮೇಲೆ ನೋಡಿ. ಮೈಕೇಲ್ ಶ್ರೈಬರ್ ಅವರ ಎಚ್‌ಎಂ ಸೂಚ್ಯಂಕದಲ್ಲಿ ಪ್ರತಿ ಪೇಪರಿಗೆ ಕ್ರಮಸಂಖ್ಯೆ ಒಂದೊಂದಾಗಿ ಏರುವುದಿಲ್ಲ, ಒಂದನ್ನು ಲೇಖಕರ ಸಂಖ್ಯೆಯಿಂದ ಭಾಗಿಸಿದಷ್ಟು ಏರುತ್ತದೆ. ಹತ್ತಕ್ಕೂ ನಾಲ್ಕು ನಾಲ್ಕು ಲೇಖಕರಿದ್ದರೆ ಪ್ರತಿ ಹೆಜ್ಜೆ 0.25. ಒಂಬತ್ತನೆಯ ಪೇಪರಿನಲ್ಲಿ 2.25, ಅದಕ್ಕೆ 4 ಉಲ್ಲೇಖ ಇದೆ, ಸರಿ. ಹತ್ತನೆಯದರಲ್ಲಿ 2.5, ಉಲ್ಲೇಖ 1. ಹಾಗಾಗಿ ಎಚ್‌ಎಂ 2.25. ಇದೇ ಪೇಪರ್‌ಗಳನ್ನು ಒಬ್ಬರೇ ಬರೆದಿದ್ದರೆ 7. ರಸಾಯನಶಾಸ್ತ್ರದಲ್ಲಿ ಈ ವ್ಯತ್ಯಾಸ ಸಣ್ಣದಲ್ಲ, ಏಕೆಂದರೆ ಒಂದು ಸಂಶ್ಲೇಷಣೆಯ ಪೇಪರಿನಲ್ಲಿ ಬೆಂಚಿನ ಮುಂದೆ ನಿಂತ ವಿದ್ಯಾರ್ಥಿ, ಎನ್‌ಎಂಆರ್ (ಅಣುವಿನ ರಚನೆ ತಿಳಿಯುವ ಉಪಕರಣ) ನೋಡಿಕೊಂಡವರು, ಸ್ಫಟಿಕ ರಚನೆ ಬಿಡಿಸಿದವರು, ಲೆಕ್ಕಾಚಾರ ಮಾಡಿದವರು, ಪ್ರಯೋಗಾಲಯದ ಮುಖ್ಯಸ್ಥರು ಎಲ್ಲರ ಹೆಸರೂ ಇರುತ್ತದೆ. ಸಾದಾ ಎಚ್-ಇಂಡೆಕ್ಸ್ ಇವರೆಲ್ಲರಿಗೂ ಪೂರ್ತಿ ಅಂಕ ಕೊಡುತ್ತದೆ. ನೂರಾರು ಗುಂಪುಗಳಿಗೆ ಸ್ಫಟಿಕ ರಚನೆ ಬಿಡಿಸಿಕೊಟ್ಟವರ ಎಚ್ ಆ ಗುಂಪುಗಳ ಮುಖ್ಯಸ್ಥರದ್ದಕ್ಕಿಂತ ಮೇಲೇರುವುದು ಇದರಿಂದಲೇ. ಅವರ ಕೆಲಸ ಅಮೂಲ್ಯವೇ ಹೌದು. ಆದರೆ ಪಟ್ಟಿ ಕೇಳಿದ ಪ್ರಶ್ನೆ ಅದಾಗಿತ್ತೇ ಎಂದು ನೋಡಬೇಕು.

ಉಲ್ಲೇಖದ ಒಳಗಿನ ರಸಾಯನಶಾಸ್ತ್ರ

ಯಾವ ಬಗೆಯ ಪೇಪರಿಗೆ ಉಲ್ಲೇಖ ಬೀಳುತ್ತದೆ ಎಂದು ತಿಳಿಯದೆ ರ‍್ಯಾಂಕ್ ಓದಲಾಗದು. ಈ ಉಪನ್ಯಾಸದಲ್ಲಿ ನಮಗೆ ಅತಿ ಮುಖ್ಯ ಎನ್ನಿಸುವ ಭಾಗ ಇದೇ.

1951ರಲ್ಲಿ ಲೌರಿ ಮತ್ತು ಸಂಗಡಿಗರು ಪ್ರೋಟೀನ್ ಅಳೆಯುವ ವಿಧಾನ ಪ್ರಕಟಿಸಿದರು. ಅದಕ್ಕೆ ಬಿದ್ದ ಉಲ್ಲೇಖ 3 ಲಕ್ಷ ದಾಟಿದೆ. ಯಾರಾದರೂ ಪ್ರೋಟೀನ್ ಅಳೆದಾಗಲೆಲ್ಲ 'ಲೌರಿ ವಿಧಾನದಿಂದ' ಎಂದು ಬರೆದದ್ದರ ಮೊತ್ತ ಅದು. ಸ್ಫಟಿಕ ರಚನೆಯ ಶೆಲೆಕ್ಸ್ ತಂತ್ರಾಂಶ ಬರೆದ ಜಾರ್ಜ್ ಶೆಲ್ಡ್ರಿಕ್ 2008ರಲ್ಲಿ ಅದರ ಚರಿತ್ರೆಯನ್ನು 'ಆಕ್ಟಾ ಕ್ರಿಸ್ಟಲೊಗ್ರಾಫಿಕಾ ಎ'ಯಲ್ಲಿ ಪ್ರಕಟಿಸಿದರು. ಆ ತಂತ್ರಾಂಶ ಬಳಸಿದವರು ಈ ಪೇಪರನ್ನು ಉಲ್ಲೇಖಿಸಬಹುದು ಎಂದು ಸಾರಾಂಶದಲ್ಲೇ ಹೇಳಿದ್ದರು. ಬಳಸದವರು ಯಾರಿದ್ದರು? ಸುಮಾರು 2 ಇದ್ದ ಆ ಜರ್ನಲಿನ ಇಂಪ್ಯಾಕ್ಟ್ ಫ್ಯಾಕ್ಟರ್, ಅಂದರೆ ಅದರ ಇತ್ತೀಚಿನ ಪೇಪರ್‌ಗಳಿಗೆ ಬಿದ್ದ ಸರಾಸರಿ ಉಲ್ಲೇಖ, 2009ರ ಲೆಕ್ಕದಲ್ಲಿ 49.9ಕ್ಕೆ ಹಾರಿತು. ಆ ಹಾರಾಟದ ಹಿಂದೆ ಇದ್ದದ್ದು ಒಂದೇ ಪೇಪರ್. ಜರ್ನಲಿನ ಸರಾಸರಿಯನ್ನೇ ಒಂದು ಪೇಪರ್ ಹೀಗೆ ಎಳೆಯುವುದಾದರೆ ಐವತ್ತು ಪೇಪರ್ ಇರುವ ಒಬ್ಬ ವ್ಯಕ್ತಿಯ ಸರಾಸರಿ ಯಾವ ಪಾಡು! ಆದ್ದರಿಂದ ಸರಾಸರಿ ಕೊಟ್ಟ ಕಡೆಯೆಲ್ಲ ಮಧ್ಯಾಂಕವನ್ನೂ, ಅಂದರೆ ಮೀಡಿಯನ್ನನ್ನೂ ಪಕ್ಕದಲ್ಲಿ ಕೊಡಿ. ಎರಡರ ನಡುವೆ ಹತ್ತು ಪಟ್ಟು ಅಂತರ ಕಂಡರೆ ಒಂದೆರಡು ಪೇಪರ್ ಇಡೀ ಅಂಕಿಯನ್ನು ಹೊತ್ತಿವೆ ಎಂದರ್ಥ.

ರಿವ್ಯೂ ಲೇಖನಗಳದು ಇನ್ನೊಂದು ಕಥೆ. 'ಕೆಮಿಕಲ್ ರಿವ್ಯೂಸ್', 'ಕೆಮಿಕಲ್ ಸೊಸೈಟಿ ರಿವ್ಯೂಸ್' ಇವುಗಳಲ್ಲಿ ಬಂದ ಒಂದು ಒಳ್ಳೆಯ ಸಮೀಕ್ಷೆ ಆ ಕ್ಷೇತ್ರದ ಮೂಲ ಪೇಪರ್‌ಗಳ ಪಾಲಿನ ಉಲ್ಲೇಖವನ್ನು ತಾನೇ ಬಾಚಿಕೊಳ್ಳುತ್ತದೆ, ಏಕೆಂದರೆ ಬರೆಯುವವರಿಗೆ ಇಪ್ಪತ್ತು ಮೂಲಗಳ ಬದಲು ಒಂದು ರಿವ್ಯೂ ಹಾಕುವುದು ಸುಲಭ. ಪಟ್ಟಿ ಮಾಡುವಾಗ ರಿವ್ಯೂಗಳನ್ನು ಬೇರೆ ಅಂಕಣಕ್ಕೆ ಹಾಕಿ, ಅವು ಸೇರಿ ಒಂದು ರ‍್ಯಾಂಕ್, ಸೇರದೆ ಒಂದು ರ‍್ಯಾಂಕ್ ಎಂದು ಎರಡನ್ನೂ ತೋರಿಸಿ.

ಇನ್ನು ಉಲ್ಲೇಖವೇ ನಿಂತುಹೋಗುವಷ್ಟು ದೊಡ್ಡ ಕೆಲಸಗಳಿವೆ. ಇಂಗಾಲದ ಉಂಗುರ ಕಟ್ಟುವ ಪ್ರಸಿದ್ಧ ಡೀಲ್ಸ್–ಆಲ್ಡರ್ ಕ್ರಿಯೆಯನ್ನು ಬಳಸುವ ಪೇಪರ್‌ಗಳಲ್ಲಿ 1928ರ ಮೂಲ ಪೇಪರನ್ನು ಉಲ್ಲೇಖಿಸುವವು ಬಹಳ ಕಡಿಮೆ. ಹೆಸರು ಪಠ್ಯಕ್ಕೆ ಇಳಿದ ಮೇಲೆ ಅಡಿಟಿಪ್ಪಣಿಯಿಂದ ಮಾಯವಾಗುತ್ತದೆ. ಗ್ರಿನ್ಯಾರ್ ಕ್ರಿಯೆಯ ಪಾಡೂ ಇದೇ. ಇದಕ್ಕೆ ವಿರುದ್ಧವಾಗಿ ದಶಕಗಟ್ಟಲೆ ಮಲಗಿದ್ದು ಎದ್ದವೂ ಇವೆ. ಗ್ರಾಫೈಟ್ ಆಕ್ಸೈಡ್ ತಯಾರಿಕೆಯ ಬಗ್ಗೆ ಹಮ್ಮರ್ಸ್ ಮತ್ತು ಆಫ್‌ಮನ್ 1958ರಲ್ಲಿ ಬರೆದ ಪುಟ್ಟ ಪೇಪರನ್ನು ಎಷ್ಟೋ ವರ್ಷ ಹೆಚ್ಚಿನವರು ಕೇಳಲಿಲ್ಲ. 2004ರಲ್ಲಿ ಗ್ರಾಫೀನ್ (ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆ) ಬಂದ ಮೇಲೆ ಅದು ಉಲ್ಲೇಖಗಳ ಮಳೆಯಲ್ಲಿ ನೆನೆಯಿತು. ಐದು ಅಥವಾ ಹತ್ತು ವರ್ಷದ ಕಿಟಕಿ ಇಟ್ಟುಕೊಂಡ ಯಾವ ಪಟ್ಟಿಯೂ ಇಂಥದ್ದನ್ನು ಹಿಡಿಯಲಾರದು.

ಒಳಕ್ಷೇತ್ರಗಳ ನಡುವಿನ ಅಂತರವೂ ದೊಡ್ಡದು. ಹತ್ತಾರು ಹಂತಗಳ ನೈಸರ್ಗಿಕ ಸಂಯುಕ್ತದ ಪೂರ್ಣ ಸಂಶ್ಲೇಷಣೆಗೆ ವರ್ಷಗಳೇ ಬೇಕು, ಆ ಅಣುವಿನ ಮೇಲೆ ಕೆಲಸ ಮಾಡುವವರು ಕೆಲವೇ ಜನ, ಉಲ್ಲೇಖವೂ ಅಷ್ಟೇ. ಬ್ಯಾಟರಿ, ಸೌರಕೋಶಗಳ ಪೆರೊವ್‌ಸ್ಕೈಟ್ ವಸ್ತು, ಫೋಟೊ ವೇಗವರ್ಧನೆ ಇವುಗಳಲ್ಲಿ ಪ್ರಯೋಗಾಲಯಗಳೇ ಸಾವಿರಾರು. ಇಬ್ಬರನ್ನೂ ಕಚ್ಚಾ ಅಂಕಿಯಲ್ಲಿ ಒಂದೇ ಸಾಲಿಗೆ ತಂದರೆ ಅಳೆದದ್ದು ಕ್ಷೇತ್ರದ ಜನಸಂಖ್ಯೆಯನ್ನು, ವ್ಯಕ್ತಿಯನ್ನಲ್ಲ.

ಸಮೀಕರಿಸುವ ಕ್ರಮ

ಮಾಡಬೇಕಾದದ್ದು ಹೀಗೆ. ಪ್ರತಿ ಪೇಪರನ್ನು ಅದೇ ಒಳಕ್ಷೇತ್ರ, ಅದೇ ವರ್ಷ, ಅದೇ ಬಗೆಯ (ಸಂಶೋಧನೆಯೋ ರಿವ್ಯೂವೋ) ಪೇಪರ್‌ಗಳ ಜೊತೆಗೆ ಮಾತ್ರ ಹೋಲಿಸಿ, ಉಲ್ಲೇಖದಲ್ಲಿ ಮೇಲಿನ ಶೇ 10ರೊಳಗೆ ಬಂತೇ ಎಂದು ಗುರುತು ಹಾಕಿ. ಕೊನೆಗೆ ಆ ವ್ಯಕ್ತಿಯ ಪೇಪರ್‌ಗಳಲ್ಲಿ ಶೇಕಡಾ ಎಷ್ಟು ಹೀಗೆ ಬಂದಿವೆ ಎಂದು ಲೆಕ್ಕ ಹಾಕಿ. ಶೇ 10 ಬಂದರೆ ಜಗತ್ತಿನ ಸರಾಸರಿ ಮಟ್ಟ. ಸರಾಸರಿ ಆಧರಿಸಿದ ಸೂಚ್ಯಂಕಗಳಿಗಿಂತ ಇದು ಗಟ್ಟಿ, ಏಕೆಂದರೆ ಒಂದು ಲೌರಿ ಅಥವಾ ಒಂದು ಶೆಲೆಕ್ಸ್ ಇಲ್ಲಿ ಒಂದೇ ಅಂಕ.

ತೊಡಕು ಇರುವುದು ಒಳಕ್ಷೇತ್ರವನ್ನು ಯಾರು ನಿರ್ಧರಿಸುತ್ತಾರೆ ಎಂಬಲ್ಲಿ. ಹೆಚ್ಚಿನ ಡೇಟಾಬೇಸ್‌ಗಳು ಜರ್ನಲ್ ನೋಡಿ ಕ್ಷೇತ್ರ ಹಚ್ಚುತ್ತವೆ. ಲೀ, ಯಾಂಗ್, ಪಾರ್ ಅವರ 1988ರ ಪೇಪರ್ ಕ್ವಾಂಟಮ್ ರಸಾಯನಶಾಸ್ತ್ರದ ದಿನನಿತ್ಯದ ಸಾಧನ. ಅದು ಅಚ್ಚಾದದ್ದು 'ಫಿಸಿಕಲ್ ರಿವ್ಯೂ ಬಿ'ಯಲ್ಲಿ, ಆದ್ದರಿಂದ ಜರ್ನಲ್ ಲೆಕ್ಕದಲ್ಲಿ ಅದು ಭೌತಶಾಸ್ತ್ರ. ವೆಬ್ ಆಫ್ ಸೈನ್ಸ್ ನಡೆಸುವ ಕ್ಲಾರಿವೇಟ್ ಕಂಪನಿಯ ಹೈಲಿ ಸೈಟೆಡ್ (ಹೆಚ್ಚು ಉಲ್ಲೇಖಿತರ) ಪಟ್ಟಿಯಲ್ಲಿ ರಸಾಯನಶಾಸ್ತ್ರ ಒಂದು ಕ್ಷೇತ್ರ, ಮೆಟೀರಿಯಲ್ಸ್ ಸೈನ್ಸ್ ಇನ್ನೊಂದು. ಎರಡರಲ್ಲೂ ಅರ್ಧರ್ಧ ಕೆಲಸ ಇರುವವರು ಎರಡರಲ್ಲೂ ಗಡಿ ದಾಟದೆ ಉಳಿಯುತ್ತಿದ್ದರು. ಅದಕ್ಕಾಗಿ 2018ರಲ್ಲಿ ಕ್ಷೇತ್ರಗಳನ್ನು ದಾಟುವ ಪ್ರತ್ಯೇಕ ವಿಭಾಗ ಸೇರಿಸಿದರು. ಆ ಪಟ್ಟಿ ಮೇಲಿನ ಶೇ 1ರ ಪೇಪರ್‌ಗಳನ್ನು ಎಣಿಸಿ ಹೆಸರುಗಳನ್ನು ಆರಿಸುತ್ತದೆ, ಆದರೆ ಅವರಿಗೆ ಒಂದು, ಎರಡು ಎಂದು ಸ್ಥಾನ ಕೊಡುವುದಿಲ್ಲ. ಇದು ಸರಿಯಾದ ಸಂಯಮ ಎಂದು ನಮ್ಮ ಅಭಿಪ್ರಾಯ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಅಯೊನಿಡಿಸ್ ಮತ್ತು ಸಂಗಡಿಗರು 2019ರಿಂದ ಸ್ಕೋಪಸ್ ಆಧರಿಸಿ ಪ್ರಕಟಿಸುತ್ತಿರುವ ಪಟ್ಟಿ, ಜನ 'ಶೇ 2ರ ಪಟ್ಟಿ' ಎನ್ನುವುದು, ಆರು ಅಂಕಿಗಳನ್ನು ಕೂಡಿಸುತ್ತದೆ: ಒಟ್ಟು ಉಲ್ಲೇಖ, ಎಚ್, ಎಚ್‌ಎಂ, ಒಬ್ಬರೇ ಬರೆದ ಪೇಪರ್‌ಗಳ ಉಲ್ಲೇಖ, ಅದಕ್ಕೆ ಮೊದಲ ಲೇಖಕರಾದವನ್ನು ಸೇರಿಸಿದ್ದು, ಅದಕ್ಕೆ ಕೊನೆಯ ಲೇಖಕರಾದವನ್ನೂ ಸೇರಿಸಿದ್ದು. ಪ್ರತಿಯೊಂದಕ್ಕೂ ಒಂದು ಕೂಡಿಸಿ ಲಾಗರಿದಮ್ ತೆಗೆದು, ಗರಿಷ್ಠದ ಲಾಗರಿದಮ್‌ನಿಂದ ಭಾಗಿಸುತ್ತಾರೆ. ಈ ಲಾಗರಿದಮ್ ಏನು ಮಾಡುತ್ತದೆ ನೋಡಿ. ಗರಿಷ್ಠ ಎಚ್ 200 ಎಂದಿಟ್ಟುಕೊಂಡರೆ 50ರವರಿಗೆ 0.741, 60ರವರಿಗೆ 0.775. ಹತ್ತು ಎಚ್ ಏರಲು ಪಟ್ಟ ವರ್ಷಗಳ ಶ್ರಮಕ್ಕೆ ಸಿಕ್ಕಿದ್ದು 0.034. ಒಬ್ಬರೇ ಬರೆದ ಪೇಪರ್‌ಗಳ ಗರಿಷ್ಠ ಉಲ್ಲೇಖ 10,000 ಎಂದಿಟ್ಟುಕೊಂಡರೆ, ಶೂನ್ಯದಿಂದ ಬರೀ 10 ಉಲ್ಲೇಖಕ್ಕೆ ಏರಿದವರಿಗೆ ಸಿಗುವುದು 0.26, ಅಂದರೆ 0.034ರ ಏಳು ಪಟ್ಟನ್ನೂ ಮೀರಿದ್ದು! ಪ್ರಯೋಗಶೀಲ ರಸಾಯನಶಾಸ್ತ್ರದಲ್ಲಿ ಒಬ್ಬರೇ ಬರೆಯುವುದು ಬಹುಪಾಲು ಅಭಿಪ್ರಾಯ ಲೇಖನ, ಸಮೀಕ್ಷೆ, ಸ್ಮರಣೆ. ಅವುಗಳಲ್ಲಿ ಒಂದಾದರೂ ಇದ್ದವರಿಗೂ ಒಂದೂ ಇಲ್ಲದವರಿಗೂ ನಡುವೆ ಈ ಸೂತ್ರ ಭಾರಿ ಕಂದಕ ತೋಡುತ್ತದೆ. ಜೀವವಿಜ್ಞಾನದಿಂದ ಗಣಿತದವರೆಗೆ ಎಲ್ಲಕ್ಕೂ ಒಂದೇ ಸೂತ್ರ ಬೇಕೆಂದಾಗ ಅದು ಒಪ್ಪತಕ್ಕದ್ದೇ ಇರಬಹುದು. ರಸಾಯನಶಾಸ್ತ್ರದೊಳಗೆ ಸ್ಥಾನ ಕೊಡಲು ಮಾತ್ರ ಆ ಒಂದು ಅಂಶವನ್ನು ಬಿಟ್ಟು ಮರುಲೆಕ್ಕ ಮಾಡಿ ನೋಡುವುದು ಒಳ್ಳೆಯದು. ಒಟ್ಟು ದತ್ತಾಂಶವನ್ನು ಅವರು ಮುಕ್ತವಾಗಿಯೇ ಕೊಟ್ಟಿರುವುದರಿಂದ ಇದು ಸ್ಪ್ರೆಡ್‌ಶೀಟಿನಲ್ಲೇ ಆಗುವ ಕೆಲಸ. ಸ್ವಂತ ಉಲ್ಲೇಖ ಸೇರಿಸಿ ಒಮ್ಮೆ, ಕಳೆದು ಒಮ್ಮೆ ಎಂದು ಎರಡು ಸ್ಥಾನ ಕೊಡುವ ಅವರ ಪದ್ಧತಿಯನ್ನು ಎಲ್ಲರೂ ಅನುಸರಿಸಬೇಕು. ಎರಡು ಸ್ಥಾನಗಳ ನಡುವೆ ದೊಡ್ಡ ಜಿಗಿತ ಕಂಡಲ್ಲಿ ಆ ಖಾತೆಯನ್ನು ಬಿಡಿಸಿ ನೋಡಲೇಬೇಕು.

ಎಷ್ಟು ನಿಖರ?

ಒಬ್ಬರಿಗೆ 80 ಪೇಪರ್, ಅವುಗಳಲ್ಲಿ 16 ಮೇಲಿನ ಶೇ 10ರಲ್ಲಿ, ಅಂದರೆ ಶೇ 20. ಇನ್ನೊಬ್ಬರಿಗೆ 80ರಲ್ಲಿ 14, ಶೇ 17.5. ಮೊದಲಿನವರು ಮೇಲೆ ಎಂದು ಬರೆಯಬಹುದೇ? 80ರಷ್ಟು ಸಂಖ್ಯೆಗೆ ಶೇ 20ರ ಸುತ್ತ ಅನಿಶ್ಚಿತತೆ ಎರಡೂ ಕಡೆ ಸುಮಾರು 9 ಅಂಶ, ಅಂದರೆ 11ರಿಂದ 29ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಇಬ್ಬರ ನಡುವೆ ವ್ಯತ್ಯಾಸ ಇದೆಯೆಂದು ಈ ಅಂಕಿಗಳಿಂದ ಹೇಳಲಾಗದು.

ಇಡೀ ಪಟ್ಟಿಗೆ ಇದನ್ನು ಮಾಡಲು ಬೂಟ್‌ಸ್ಟ್ರ್ಯಾಪ್ ಸಾಕು. ಪ್ರತಿ ವ್ಯಕ್ತಿಯ ಪೇಪರ್‌ಗಳಿಂದ ಅಷ್ಟೇ ಸಂಖ್ಯೆಯನ್ನು, ತೆಗೆದದ್ದನ್ನು ಮತ್ತೆ ಒಳಗೆ ಹಾಕುತ್ತಾ, ಯಾದೃಚ್ಛಿಕವಾಗಿ ಆರಿಸಿ. ಎಲ್ಲರ ಸೂಚ್ಯಂಕ ಲೆಕ್ಕ ಹಾಕಿ, ಸಾಲು ಕಟ್ಟಿ. ಹೀಗೆ ಸಾವಿರ ಸಲ ಮಾಡಿ. ಒಬ್ಬರ ಸಾವಿರ ಸ್ಥಾನಗಳಲ್ಲಿ ಕೆಳಗಿನ ಐವತ್ತು, ಮೇಲಿನ ಐವತ್ತು ಬಿಟ್ಟು ಉಳಿದ ವ್ಯಾಪ್ತಿಯನ್ನು ಹೆಸರಿನ ಮುಂದೆ ಬರೆಯಿರಿ. ತೀರ ಮೇಲಿನ ಕೆಲವರನ್ನು ಬಿಟ್ಟರೆ ಈ ವ್ಯಾಪ್ತಿಗಳು ಒಂದರ ಮೇಲೊಂದು ಹರಡಿಕೊಂಡಿರುವುದು ಕಾಣುತ್ತದೆ. ಆಗ 37, 38, 39 ಎಂದು ಸ್ಥಾನ ಕೊಡಲು ಮನಸ್ಸೇ ಬರುವುದಿಲ್ಲ. ಮೂರು ಅಥವಾ ನಾಲ್ಕು ಗುಂಪು ಮಾಡಿ, ಗುಂಪಿನೊಳಗೆ ಅಕಾರಾದಿಯಾಗಿ ಹೆಸರು ಬರೆದರೆ ದತ್ತಾಂಶ ಹೇಳುವಷ್ಟನ್ನೇ ನೀವೂ ಹೇಳಿದಂತಾಗುತ್ತದೆ.

ಅಷ್ಟಾದರೂ ಪಟ್ಟಿಗೆ ಕಾಣದವರು ಉಳಿಯುತ್ತಾರೆ. 2002ರ ರಸಾಯನಶಾಸ್ತ್ರ ನೊಬೆಲ್ ಹಂಚಿಕೊಂಡ ಕೊಯಿಚಿ ತನಾಕಾ ಶಿಮಾಡ್ಜು ಕಂಪನಿಯ ಇಂಜಿನಿಯರ್, ಪಿಎಚ್‌ಡಿ ಇರಲಿಲ್ಲ. 2019ರಲ್ಲಿ ಲಿಥಿಯಂ ಅಯಾನ್ ಬ್ಯಾಟರಿಗಾಗಿ ನೊಬೆಲ್ ಪಡೆದ ಮೂವರಲ್ಲಿ ಅಕಿರಾ ಯೊಶಿನೊ ಕೆಲಸ ಮಾಡಿದ್ದು ಅಸಾಹಿ ಕಸೈ ಕಂಪನಿಯಲ್ಲಿ. ಉದ್ಯಮದ ಕೆಲಸ ಪೇಟೆಂಟಿಗೆ ಹೋಗುತ್ತದೆ, ಜರ್ನಲಿಗಲ್ಲ. ಉಲ್ಲೇಖದ ಪಟ್ಟಿಗೆ 'ವಿಶ್ವದ ಶ್ರೇಷ್ಠ ರಸಾಯನ ವಿಜ್ಞಾನಿಗಳು' ಎಂದು ತಲೆಬರಹ ಕೊಡಬಾರದು ಎನ್ನುವುದು ಇದಕ್ಕಾಗಿಯೇ. 'ಇಂಥ ಡೇಟಾಬೇಸ್, ಇಂಥ ಅವಧಿ, ಜರ್ನಲ್ ಪೇಪರ್‌ಗಳ ಉಲ್ಲೇಖದ ಪ್ರಕಾರ' ಎಂದು ಉದ್ದವಾಗಿಯೇ ಬರೆಯಿರಿ.

ಪ್ರಕಟಿಸುವ ಮುನ್ನ ಎರಡು ಕೆಲಸ ಬಾಕಿ ಇರುತ್ತದೆ. ಪಟ್ಟಿಯಲ್ಲಿರುವ ಪ್ರತಿಯೊಬ್ಬರ ಪೇಪರ್‌ಗಳಲ್ಲಿ ಹಿಂತೆಗೆದುಕೊಂಡವು ಯಾವುವು ಎಂದು ತಾಳೆ ನೋಡಿ. ಹಿಂತೆಗೆದ ಮೇಲೂ ಪೇಪರ್‌ಗಳಿಗೆ ಉಲ್ಲೇಖ ಬೀಳುತ್ತಲೇ ಇರುತ್ತದೆ, ಡೇಟಾಬೇಸ್ ಅದನ್ನು ತಾನಾಗಿ ಕಳೆಯುವುದಿಲ್ಲ. ಎರಡನೆಯದು, ನೀವು ಎಣಿಸಿದ ಪೇಪರ್‌ಗಳ ಪೂರ್ತಿ ಪಟ್ಟಿಯನ್ನು ಆಯಾ ಸಂಶೋಧಕರಿಗೆ ಕಳಿಸಿ, ತಿದ್ದಲು ಕೆಲವು ವಾರ ಸಮಯ ಕೊಡಿ. ಬಂದ ಉತ್ತರಗಳಲ್ಲಿ ಹೆಚ್ಚಿನವು 'ಇದು ನನ್ನದಲ್ಲ', 'ಇದು ಬಿಟ್ಟುಹೋಗಿದೆ' ಎಂಬವೇ ಆಗಿರುತ್ತವೆ. ಪ್ರತಿ ತಿದ್ದುಪಡಿಯನ್ನೂ ದಿನಾಂಕ ಸಮೇತ ಪಟ್ಟಿಯ ಜೊತೆಗೇ ಪ್ರಕಟಿಸಿ. ಮುಂದಿನ ವರ್ಷ ಅದೇ ಲೆಕ್ಕವನ್ನು ಮತ್ತೆ ಮಾಡುವವರು ಶುರು ಮಾಡಬೇಕಾದದ್ದು ಆ ಕಡತದಿಂದ.